ಬಿಸೂನ್ ಎತ್ತಿದ ತೂಬು

ಬಿಸೂನನಿಗೆ ಕೂತಲ್ಲಿ ಕೂರುವ ಜಾಯಮಾನವೇ ಇರಲಿಲ್ಲ. ಜಾರ್ಜ್‌ಟೌನಿನ ಹಳೇ ಕ್ರಿಕೆಟ್ ಮೈದಾನದಲ್ಲಿ ನಲವತ್ತೊಂದು ವರ್ಷ ಪಿಚ್ ನೋಡಿಕೊಂಡ ಈ ಮಹಾರಾಯ ಒಂದೇ ಒಂದು ಓವರನ್ನು ಪೂರ್ತಿ ನಿಂತು ನೋಡಿದ್ದನ್ನು ಕಂಡವರಿಲ್ಲ. ಬೌಲರ್ ಓಡಿ ಬರುತ್ತಿದ್ದರೆ ಇವನು ಎಲ್ಲೋ ಬ್ಯಾಟ್ ಮಾಡುವವನಿಗೆ ಚೆಂಡು ಕಾಣಲೆಂದು ನಿಲ್ಲಿಸಿದ ಬಿಳಿ ಪರದೆಯ ಗಾಲಿಗೆ ಎಣ್ಣೆ ಬಿಡುತ್ತಿರುತ್ತಿದ್ದ. ವಿಕೆಟ್ ಬಿದ್ದು ಜನ ಹೋ ಎಂದು ಎದ್ದಾಗ "ಏನಾಯ್ತು? ಯಾರು ಹೋದ್ರು?" ಎಂದು ಕಂಡಕಂಡವರನ್ನು ಕೇಳಿಕೊಂಡು ಬರುತ್ತಿದ್ದ.

"ನಿನ್ನನ್ನ ಹಸು ಕಟ್ಟೋ ಹಾಗೆ ಗೂಟಕ್ಕೆ ಕಟ್ಟಬೇಕು ನೋಡು," ಎಂದು ಹೆಂಡತಿ ಧನ್ವತಿ ಬೈದು ಬೈದು ಸುಸ್ತಾಗಿದ್ದಳು.

ಆ ಮೈದಾನಕ್ಕೆ ಮೊದಲು ಕಾಲಿಟ್ಟವನು ಇವನ ಅಪ್ಪ ಜೈಕರಣ್. ಕಬ್ಬಿನ ತೋಟ ಬಿಟ್ಟು ಹುಲ್ಲು ಕೊಯ್ಯುವ ಕೆಲಸಕ್ಕೆ ಬಂದಿದ್ದ. ಆಗಿನ ಕಾಲದಲ್ಲಿ ತೋಟದ ಕೂಲಿಯವನು ಕತ್ತಿ ಹಿಡಿದುಕೊಂಡು ಒಳಗೆ ಬರಬಹುದಿತ್ತು, ಆಟ ಶುರುವಾದರೆ ಹೊರಗೆ ಹೋಗಬೇಕಿತ್ತು. ಜೈಕರಣ್ ಬೆಳಿಗ್ಗೆ ಹುಲ್ಲು ಕೊಯ್ದು, ಮಧ್ಯಾಹ್ನ ಕಾಲುವೆಯಾಚೆಯ ಮರ ಹತ್ತಿ, ತಾನು ಕೊಯ್ದ ಹುಲ್ಲಿನ ಮೇಲೆ ದೊರೆಗಳು ಆಡುವುದನ್ನು ನೋಡುತ್ತಿದ್ದ. ಆಮೇಲೆ ಕಾಲ ಬದಲಾಯಿತು. ಮರದ ಗ್ಯಾಲರಿಗಳು ಎದ್ದವು, ಗೆದ್ದಲು ಹಿಡಿದು ಬಿದ್ದವು, ಮತ್ತೆ ಎದ್ದವು. ಒಂದು ಸಲ ಅಂಪೈರ್ ಔಟ್ ಎಂದು ಬೆರಳು ಎತ್ತಿದ್ದಕ್ಕೆ ಬಾಟಲಿಗಳು ಹಾರಿ, ಗಾಜು ಆರಿಸಲು ಬಿಸೂನನಿಗೆ ಎರಡು ದಿನ ಬೇಕಾಯಿತು. ಗ್ಯಾಲರಿಯಲ್ಲಿ ಕರಿಯರು, ಹಿಂದೂಸ್ತಾನಿಗಳು, ಚೀನೀಯರು ಒಂದೇ ಬೆಂಚಿನ ಮೇಲೆ ಕೂತು ಒಬ್ಬರ ಬುತ್ತಿಗೆ ಒಬ್ಬರು ಕೈಹಾಕುವಂತಾಯಿತು.

ಈಗ ಊರಾಚೆ, ಕಬ್ಬು ಬೆಳೆಯುತ್ತಿದ್ದ ಗದ್ದೆಯಲ್ಲಿ ಹೊಸ ಕ್ರೀಡಾಂಗಣ ಎದ್ದಿತ್ತು. ಹಳೇ ಮೈದಾನದಲ್ಲಿ ಇದೇ ಕೊನೆಯ ದೊಡ್ಡ ಪಂದ್ಯ. ಡೆಮರಾರಾ, ಬರ್ಬೀಸ್ ಎರಡು ಜಿಲ್ಲೆಗಳ ಮೂರು ದಿನದ ಕಾದಾಟ. ಎರಡು ದಿನ ಮುಗಿದು, ಡೆಮರಾರಾ ಗೆಲ್ಲಲು ಐವತ್ತೆರಡು ರನ್ ಬೇಕು, ಮೂರೇ ವಿಕೆಟ್ ಉಳಿದಿವೆ. ಈ ಪಂದ್ಯದ ಜೊತೆ ಬಿಸೂನನ ಕೆಲಸವೂ ಮುಗಿಯುತ್ತಿತ್ತು. ಅವನಿಗೆ ಬೇಕಾಗಿದ್ದು ಒಂದೇ: ಕೊನೆಯ ದಿನವಾದ ಶನಿವಾರ ಆಟ ನಡೆಯಬೇಕು, ಯಾರು ಬೇಕಾದರೂ ಗೆಲ್ಲಲಿ.

ಶುಕ್ರವಾರ ಸಂಜೆ ಹಿಡಿದ ಮಳೆ ಬೆಳಗಿನ ಜಾವ ನಾಲ್ಕಕ್ಕೆ ನಿಂತಿತು. ಊರೇ ಸಮುದ್ರಕ್ಕಿಂತ ತಗ್ಗು. ಬಿದ್ದ ನೀರು ಕಾಲುವೆಗಳಲ್ಲಿ ತುಂಬಿ ಕಾದು ಕೂರಬೇಕು. ಸಮುದ್ರ ಇಳಿದಾಗ ದಡದ ತೂಬಿನ ಬಾಗಿಲನ್ನು ಎತ್ತಿದರೆ ಹೊರಗೆ ಹೋಗುತ್ತದೆ, ಉಬ್ಬರ ಏರುವ ಮೊದಲು ಬಾಗಿಲು ಇಳಿಸಬೇಕು. ಆ ತೂಬು ಕಾಯುವವನು ಕತ್ಬರ್ಟ್, ಬಿಸೂನನ ಮೂವತ್ತು ವರ್ಷದ ಗೆಳೆಯ. ಒಂದು ಹೆಜ್ಜೆ ಇಡುವ ಮೊದಲು ಎರಡು ಸಲ ಆಕಳಿಸುವ ಆಸಾಮಿ.

"ನೀನು ಬಾಗಿಲು ಎತ್ತೋಷ್ಟರಲ್ಲಿ ನನ್ನ ಪಿಚ್ ಮೇಲೆ ಮೊಸಳೆ ಮೊಟ್ಟೆ ಇಡುತ್ತೆ ಕಣೋ," ಎಂದು ಬಿಸೂನ್ ರೇಗಿಸುತ್ತಿದ್ದ.

"ಇಡ್ಲಿ ಬಿಡು. ಪಾಪ, ಅದಾದ್ರೂ ಒಂದು ಕಡೆ ಕೂರುತ್ತಲ್ಲ," ಎನ್ನುತ್ತಿದ್ದ ಕತ್ಬರ್ಟ್.

ಐದಕ್ಕೆ ಬಿಸೂನ್ ಮೈದಾನಕ್ಕೆ ಬಂದು ನೋಡಿದರೆ ಬೌಂಡರಿಯಿಂದ ಬೌಂಡರಿಗೆ ಪಾದ ಮುಳುಗುವಷ್ಟು ನೀರು. ನಡುವಿನ ಪಿಚ್ ಮಾತ್ರ ಟಾರ್ಪಾಲಿನಡಿ ಎತ್ತರದಲ್ಲಿ ಉಳಿದಿತ್ತು. ಅವನು ಬೇಲಿಯ ಬುಡಕ್ಕೊಂದು ಕಡ್ಡಿ ನೆಟ್ಟ, ಐದು ನಿಮಿಷಕ್ಕೊಮ್ಮೆ ಬಂದು ಬಗ್ಗಿ ನೋಡಿದ. ನೀರು ಇಳಿಯುತ್ತಲೇ ಇತ್ತು, ಗಂಟೆಗೆ ಎರಡು ಬೆರಳಿನಷ್ಟು. ಆದರೆ ಐದೈದು ನಿಮಿಷಕ್ಕೆ ನೋಡುವವನ ಕಣ್ಣಿಗೆ ಅದು ಎಲ್ಲಿ ಕಾಣಬೇಕು? ಆರೂವರೆಗೆ ಮೈಮೇಲೆ ಇರುವೆ ಬಿಟ್ಟಂತಾಯಿತು. "ಮಲಗಿಬಿಟ್ಟಿದ್ದಾನೆ ಹಾಳಾದವನು! ಇವತ್ತೇ ಮಲಗಬೇಕಿತ್ತಾ!" ಎಂದು ಸೈಕಲ್ ಹತ್ತಿ ಸಮುದ್ರದ ಕಡೆ ತುಳಿದ.

ಏಳು ಗಂಟೆಗೆ ತೂಬಿನ ಬಾಗಿಲು ಮುಚ್ಚಿತ್ತು. ಪಕ್ಕದ ಕತ್ಬರ್ಟನ ಗುಡಿಸಲಿಗೆ ಬೀಗ. ಪಾಪದ ಕತ್ಬರ್ಟ್ ಎರಡು ಗಂಟೆಗೇ ಎದ್ದು ಬಾಗಿಲು ಎತ್ತಿ, ಮುಕ್ಕಾಲು ಊರಿನ ನೀರು ಹೊರಗೆ ಬಿಟ್ಟು, ಆರು ಮುಕ್ಕಾಲಿಗೆ ಇಳಿಸಿ, ಬ್ರೆಡ್ ತರಲು ಹೋಗಿದ್ದ. ಇದು ಬಿಸೂನನಿಗೆ ಹೇಗೆ ಗೊತ್ತಾಗಬೇಕು? ಗುಡಿಸಲಿನ ಬಾಗಿಲಿಗೆ ಅಂಟಿಸಿದ್ದ ಉಬ್ಬರ-ಇಳಿತದ ಪಟ್ಟಿಯ ಮೇಲೆ ಬೆರಳಿಟ್ಟ. ಕನ್ನಡಕ ಮನೆಯಲ್ಲೇ ಉಳಿದಿತ್ತು. ಬಾಗಿಲು ಇಳಿಸುವ ಹೊತ್ತು ಏಳು ನಲವತ್ತು ಎಂದಿತ್ತು. ಇನ್ನೂ ನಲವತ್ತು ನಿಮಿಷವಿದೆ! ಬೆರಳು ಕೂತಿದ್ದು ಭಾನುವಾರದ ಸಾಲಿನ ಮೇಲೆ.

ಎರಡು ಕೈಯಲ್ಲಿ ರಾಟೆಯ ಹಿಡಿ ಹಿಡಿದು ತಿರುಗಿಸಿದ. ಸರಪಳಿ ಕಿರುಗುಟ್ಟಿತು, ಬಾಗಿಲು ಮೇಲೆದ್ದಿತು, ಕೆಳಗೆ ಕಂದುನೀರು ಭೋರೆಂದಿತು. ಆ ಸದ್ದು ಕೇಳಿ ಅವನ ಜೀವ ಹಗುರಾಯಿತು. ಎಲೆ ಯಾವ ಕಡೆ ತೇಲುತ್ತದೆ ನೋಡಿ, ಆಮೇಲೆ ಮಾತಾಡಿ ಎಂದು ಮಂದಿಗೆಲ್ಲ ಬುದ್ಧಿ ಹೇಳುತ್ತಿದ್ದವನು ತಾನು ಮಾತ್ರ ನೋಡಲಿಲ್ಲ. ನೀರು ಇಳಿಯುವುದನ್ನು ಕಣ್ಣಾರೆ ಕಾಣುವ ಆತುರದಲ್ಲಿ ವಾಪಸ್ ಸೈಕಲ್ ಹತ್ತಿದ.

ಕಡ್ಡಿ ಮುಳುಗಿತ್ತು. ಬಿಸೂನ್ ಕಣ್ಣುಜ್ಜಿಕೊಂಡ. ಆಗಲೇ ತಲೆ ಎತ್ತಿದ್ದ ಹುಲ್ಲು ಮತ್ತೆ ಮುಳುಗಿತು, ಟಾರ್ಪಾಲಿನ ಅಂಚು ಅಲ್ಲಾಡಿತು, ಪಿಚ್ಚಿನ ಮೇಲಕ್ಕೂ ನೀರು ಹತ್ತಿತು. ಅದರಲ್ಲೊಂದು ಬೆಳ್ಳಿಬಣ್ಣದ ಮೀನು ಪಟಪಟ ಒದ್ದಾಡಿತು. ಅವನು ಬೆರಳು ಅದ್ದಿ ಬಾಯಿಗಿಟ್ಟ. ಉಪ್ಪು. ನಲವತ್ತೊಂದು ವರ್ಷ ಯಾವ ನೀರನ್ನು ಹೊರಗಿಟ್ಟಿದ್ದನೋ ಅದನ್ನು ಇವತ್ತು ತನ್ನ ಕೈಯಾರೆ ಒಳಗೆ ಕರೆದಿದ್ದ.

ಎಂಟೂವರೆಗೆ ಮೈದಾನದ ಕಾರ್ಯದರ್ಶಿ ಮಿಸ್ ಕ್ಲಾಡೆಟ್ ಬಂದಳು. ಕಂಕುಳಲ್ಲಿ ಪಂದ್ಯಗಳ ದಪ್ಪ ಪುಸ್ತಕ. ಹಿಂದೆಯೇ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡ ಕತ್ಬರ್ಟ್ ಏದುಸಿರು ಬಿಡುತ್ತ ಬಂದ. ಬ್ರೆಡ್ ತಂದು ನೋಡಿದರೆ ತೂಬಿನ ಬಾಗಿಲು ಮೇಲೆದ್ದಿತ್ತು, ಅದರಡಿ ಮರದ ದಿಮ್ಮಿ ಸಿಕ್ಕಿಕೊಂಡಿತ್ತು, ಅದನ್ನು ಕಿತ್ತು ಇಳಿಸುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಗೇಟಿನಾಚೆ ಜನ ಬುತ್ತಿ, ಕೊಡೆ ಹಿಡಿದು ಸೇರತೊಡಗಿದ್ದರು.

ಮಿಸ್ ಕ್ಲಾಡೆಟ್ ಮೈದಾನ ನೋಡಿದಳು.

"ಇವತ್ತು ಆಟ ಇಲ್ಲ, ಅಲ್ವಾ?"

"ಇಲ್ಲ ಮಿಸ್," ಎಂದ ಬಿಸೂನ್. "ಮಳೆ ಅಂತ ಬರೆದುಬಿಡಿ."

"ಮಳೆ ನಿಂತು ನಾಲ್ಕು ಗಂಟೆ ಆಯ್ತು. ನಾನೇನು ನಿನ್ನೆ ಹುಟ್ಟಿದವಳಾ?" ಅವಳು ಗಿರಕ್ಕನೆ ತಿರುಗಿದಳು. "ಕತ್ಬರ್ಟ್! ಬಾಗಿಲು ಇಳಿಸದೆ ಮಲಗಿದ್ಯಾ? ಕೊನೇ ದಿನ ಕಣೋ! ಇದನ್ನ ಪುಸ್ತಕದಲ್ಲಿ ಬರೀತೀನಿ, ಸರ್ಕಾರಕ್ಕೂ ಬರೀತೀನಿ, ನೋಡ್ತಿರು."

ಕತ್ಬರ್ಟ್ ಬಿಸೂನನನ್ನೇ ನೋಡಿದ. ಬಿಸೂನ್ ಸುಮ್ಮನಿದ್ದರೆ ಸಾಕಿತ್ತು, ಎಲ್ಲರೂ ಸೋಮಾರಿ ಎನ್ನುತ್ತಿದ್ದವನನ್ನು ಇನ್ನೊಂದು ಸಲ ಸೋಮಾರಿ ಎನ್ನುತ್ತಿದ್ದರು. ತನಗೆ ಅಂಥ ಯೋಚನೆ ಬಂತಲ್ಲ ಎಂದು ಅವನಿಗೆ ಅಸಹ್ಯವಾಯಿತು.

"ಅವನು ಮುಚ್ಚಿದ್ದ ಮಿಸ್. ನಾನು ತೆಗೆದೆ."

"ಏನಂದೆ?"

"ನಾನೇ. ಪಟ್ಟಿ ತಪ್ಪು ಓದಿದೆ. ಉಬ್ಬರದಲ್ಲಿ ಬಾಗಿಲು ಎತ್ತಿದೆ. ನೆಕ್ಕಿ ನೋಡಿ ಬೇಕಾದ್ರೆ, ಉಪ್ಪಿದೆ."

ಮಿಸ್ ಕ್ಲಾಡೆಟ್ ಅವನ ಮುಖ ನೋಡಿದಳು. ಅವಳ ಸಿಟ್ಟು ಇಳಿದುಹೋಗಿತ್ತು, ಅದನ್ನು ಕಂಡು ಬಿಸೂನನಿಗೆ ಇನ್ನೂ ಸಂಕಟವಾಯಿತು.

"ಈ ಪುಸ್ತಕದಲ್ಲಿ ಬ್ಯಾಟ್ ಹಿಡಿದವನ ಹೆಸರಿದೆ, ಅಂಪೈರ್ ಹೆಸರಿದೆ," ಎಂದಳು ಮೆಲ್ಲಗೆ. "ಪಿಚ್ ಮಾಡಿದವನ ಹೆಸರು ಯಾವತ್ತೂ ಯಾರೂ ಬರೆದಿಲ್ಲ, ಬಿಸೂನ್. ಮೊದಲನೇ ಸಲ ಇದಕ್ಕಾ ಬರೀಲಿ? ಮಳೆ ಅಂತಲೇ ಬರೀತೀನಿ, ಬಿಡು."

"ಬೇಡ. ಮಳೆ ಅಂದ್ರೆ ಕೇಳಿದವರೆಲ್ಲ ನೀರು ಹೊರಗೆ ಬಿಡಲಿಲ್ಲ ಅಂತ ಇವನ ಕಡೆ ಬೆರಳು ತೋರಿಸ್ತಾರೆ. ಬರೀರಿ."

ಅವಳು ಬರೆದಳು. ಬಿಸೂನ್ ಓದಿಸಿ ಕೇಳಿದ: ಮೂರನೆಯ ದಿನ, ಆಟವಿಲ್ಲ, ಪಿಚ್ ನೋಡಿಕೊಳ್ಳುವ ಬಿಸೂನ್‌ದಯಾಲ್ ಉಬ್ಬರದ ಹೊತ್ತಿನಲ್ಲಿ ತೂಬು ಎತ್ತಿದ್ದರಿಂದ. ಕೇಳುತ್ತ ಕೇಳುತ್ತ ಅವನ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲಿಲ್ಲ. ಆಮೇಲೆ ಗೇಟಿಗೆ ಹೋಗಿ ತಾನೇ ಜನಕ್ಕೆ ಹೇಳಿದ. ಕೆಲವರು ಬಾಯಿಗೆ ಬಂದಂತೆ ಬೈದರು, ಒಬ್ಬ ಮುದುಕಿ ತನ್ನ ಬುತ್ತಿಯ ದಾಲ್‌ಪುರಿ ಅವನ ಕೈಗೆ ಹಾಕಿ ಹೋದಳು.

ಮಧ್ಯಾಹ್ನ ಸಮುದ್ರ ಇಳಿಯಿತು. ಕತ್ಬರ್ಟ್ ಬಾಗಿಲು ಎತ್ತಿ, ನೀರು ಹೊರಗೆ ಹೋದ ಮೇಲೆ ಬಂದು ನೋಡಿದರೆ ಬಿಸೂನ್ ಪಿಚ್ಚಿನ ಪಕ್ಕ ಸಿಹಿನೀರಿನ ಪೈಪು ಎಳೆಯುತ್ತಿದ್ದ.

"ಏನೋ ಮಾಡ್ತಿದೀಯ?"

"ತೊಳೀತಿದೀನಿ. ನಾಳೆವರೆಗೆ ಉಪ್ಪು ಕೂತ್ರೆ ಹುಲ್ಲು ಸತ್ತುಹೋಗುತ್ತೆ."

"ತಲೆ ಕೆಟ್ಟಿದೆಯಾ? ಇಲ್ಲಿ ಇನ್ನು ಯಾರೋ ಆಡ್ತಾರೆ?"

"ಯಾರೂ ಆಡಲ್ಲ," ಎಂದ ಬಿಸೂನ್. "ಆ ಕಡೆ ತುದಿ ಹಿಡ್ಕೋ."