ಅವ್ವನ ಒಲೆಗೊಂದು ಎಂಸಿಬಿ

ಕರೆಂಟು ಅತಿಯಾದರೆ ತಾವೇ ಕೆಳಗೆ ಬಿದ್ದು ಲೈನು ಕಡಿಯುವ ಎಂಸಿಬಿ ಸ್ವಿಚ್ಚುಗಳೆಲ್ಲ ಅವಳಿಗಳಂತೆ ಕಾಣುತ್ತವೆ. ಅವುಗಳ ಹಣೆಬರಹ ಎದೆಯ ಮೇಲೆ ಸಣ್ಣಕ್ಷರದಲ್ಲಿ ಇರುತ್ತದೆಂದು ನಾನರಿತದ್ದು ಹಾನಗಲ್ಲಿನ ಕರೆಂಟು ಸಾಮಾನಿನ ಅಂಗಡಿಯಲ್ಲಿ ಪೆದ್ದನಂತೆ ನಿಂತಾಗಲೇ.

ಕಾರಣ ನಮ್ಮವ್ವ. ಜ್ವರ ಬಂದುಹೋದ ಮೇಲೆ ಆಕೆಯ ಮೂಗು ವಾಸನೆ ಹಿಡಿಯುವುದನ್ನೇ ಮರೆತಿತ್ತು. ಒಂದು ಬೆಳಿಗ್ಗೆ ನಾನು ವಾಯುಸೇವನೆ ಮುಗಿಸಿ ಬಂದರೆ ಅಡುಗೆಮನೆ ತುಂಬ ಗ್ಯಾಸಿನ ವಾಯು. ಆಕೆ ಅದರ ನಡುವೆ ನಿಶ್ಚಿಂತೆಯಿಂದ ಅವರೆಕಾಯಿ ಸುಲಿಯುತ್ತಿದ್ದಳು. ಗ್ಯಾಸು ಬಂದ್ ಮಾಡಿ, ಕಿಟಕಿ ತೆರೆದು, ಆಕೆಯನ್ನು ಹೊರಗೆ ಕರೆತಂದೆ. ಹೆದರಿಕೆಯಲ್ಲಿ, ಇನ್ನು ಅಡುಗೆಮನೆಗೇ ಹೋಗಬೇಡವೆಂದೆ. ಆಕೆ ಜಗಳವಾಡಲಿಲ್ಲ, ಪಡಸಾಲೆಯ ಗೋಡೆಗೆ ಆತು ಕುಳಿತುಬಿಟ್ಟಳು. ಜಗಳವಾಡಿದ್ದರೆ ಎಷ್ಟೋ ಮೇಲಿತ್ತು.

ಕರೆಂಟಿನ ಒಲೆ ತಂದೆ. ಅದರ ದಪ್ಪ ಪಿನ್ನು ಅಡುಗೆಮನೆಯ ಸಣ್ಣ ಸಾಕೆಟ್ಟಿಗೆ ಹಿಡಿಸದಿದ್ದಾಗ, ನಡುವೆ ಮತ್ತೊಂದು ಪ್ಲಗ್ಗು ಸಿಕ್ಕಿಸಿ ಜಾಣತನ ಮೆರೆದೆ; ಅಕ್ಕಿ ಬೇಯುವ ಮೊದಲೇ ಪ್ಲಗ್ಗು ಬೆಂದಿತು.

ಸುದ್ದಿ ತಿಳಿದ ಶಿಗ್ಗಾವಿಯ ಕಾಕಾ ಫೋನಿನಲ್ಲಿ, “ದೊಡ್ಡ ಎಂಸಿಬಿ ಹಾಕ್ಸೋ, ಬೀಳೂದ ಇಲ್ಲ” ಎಂದರು. ಹಿರೇಕೆರೂರಿನ ಅಕ್ಕ, “ಹುಚ್ಚಪ್ಪಾ, ಸಣ್ಣದು ಹಾಕ್ಸು, ಲಗೂನ ಬೀಳಬೇಕು” ಎಂದಳು. ಬೀಳುವುದು ಸದ್ಗುಣವೋ ದುರ್ಗುಣವೋ ನಿರ್ಧರಿಸಲಾಗದೆ, “ಅರ್ಧ ಬೀಳೂದು ಐತೇನ್ರಿ?” ಎಂದು ಅಂಗಡಿಯವರನ್ನು ಕೇಳಿದೆ.

ಅವರು ನಕ್ಕು, “ಮೊದಲ ವೈರು ಎಷ್ಟ ದಪ್ಪ ಐತಿ, ಅದನ್ನ ಹೇಳ್ರಿ” ಎಂದರು.

ನಾನು ಹುಟ್ಟಿ ಬೆಳೆದ ಮನೆ ಅದು. ಗೋಡೆಯೊಳಗೇನಿದೆಯೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿ ನೋಡಿದರೆ, ವೈರು ದೀಪಕ್ಕಷ್ಟೇ ಸಾಲುವಷ್ಟು ಸಣ್ಣದು. ಕಾಕಾನ ಮಾತು ಕೇಳಿದ್ದರೆ ಎಂಸಿಬಿ ಬೀಳುವ ಮೊದಲು ಗೋಡೆಯೊಳಗಿನ ವೈರೇ ಸುಡುತ್ತಿತ್ತು. ಅಕ್ಕನ ಮಾತಿನಂತಾಗಿದ್ದರೆ ಎಂಸಿಬಿ ನಡುನಡುವೆ ಬಿದ್ದು ಅನ್ನ ನಿತ್ಯ ಅರೆಬೆಂದಿರುತ್ತಿತ್ತು. ಮೇನ್ ಬೋರ್ಡಿನಿಂದಲೇ ದಪ್ಪ ವೈರು, ಅರ್ತಿಂಗು, ಒಲೆಗೆಂದೇ ಹದಿನಾರು ಆಂಪಿಯರಿನ ಎಂಸಿಬಿ, ಅದಕ್ಕೊಪ್ಪುವ ಸಾಕೆಟ್ಟು, ಸ್ವಿಚ್ಚು ಬಂದವು. ಹದಿನಾರರ ಹಿಂದೆ ‘ಸಿ’ ಎಂಬ ಅಕ್ಷರ ಯಾಕಿದೆಯೆಂದು ಕೇಳಿದೆ. ಉತ್ತರದಿಂದ ಗೊಂದಲ ಇಮ್ಮಡಿಯಾಯಿತು.

ಅವ್ವನನ್ನು ಒಳಗೆ ಕರೆದೆ. ಆಕೆ ಒಲೆಯ ಮೇಲೆ ನೀರಿನ ಪಾತ್ರೆ ಇಟ್ಟು, ಸ್ವಿಚ್ಚು ಒತ್ತಿ, ಪಾತ್ರೆಯಡಿ ಬಗ್ಗಿ ನೋಡಿ, “ಬೆಂಕೀನ ಇಲ್ಲಲ್ಲೋ?” ಎಂದಳು.

“ಇರೂದಿಲ್ಲಬೇ.”

“ಮತ್ತ ಕಾಯ್ತದ?”

“ಕಾಯ್ತದಂತ.”

ಇಬ್ಬರೂ ನಿಂತು ಕಾದೆವು. ನೀರು ಗುಳುಗುಳು ಎಂದಿತು. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಹಾಪುಡಿಯ ಡಬ್ಬಿಗೆ ಕೈಚಾಚುತ್ತ ನನ್ನನ್ನು ಮೊಳಕೈಯಿಂದ ತಳ್ಳಿದಳು: “ಹೊರಗ ನಡಿಯೋ, ಒಲಿ ಮುಂದ ಅಡ್ಡ ನಿಂತೀ!”

ಅಷ್ಟು ಸಂತೋಷದಿಂದ ನಾನು ಯಾವ ಕೋಣೆಯಿಂದಲೂ ಹೊರಬಿದ್ದಿಲ್ಲ.