ಫ್ಲೆಕ್ಸಿನ ಮೂಲೆಯ ತೂತು

ಬಿಸಿಲಿಗೆ ಕಾದ ಫ್ಲೆಕ್ಸಿನ ವಾಸನೆ ನನಗೆ ಆಗುವುದಿಲ್ಲ. ಮೊನ್ನೆ ಹನಗೋಡಿನ ಚಿಕ್ಕಪ್ಪನ ಮನೆಗೆ ಹೋಗಿ ಹಿತ್ತಲಿಗೆ ಕಾಲಿಟ್ಟೆ, ಅದೇ ವಾಸನೆ ಮೂಗಿಗೆ ಬಡಿಯಿತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕ ಸೌದೆ ಒಟ್ಟಿ, ಮಳೆಗೆ ನೆನೆಯದಿರಲಿ ಎಂದು ಯಾವುದೋ ಹಳೇ ಫ್ಲೆಕ್ಸ್ ಹೊದಿಸಿದ್ದರು. ಬಿಳಿ ಶರಟು ತೊಟ್ಟು ಕೈ ಮುಗಿದ ಗಂಡಸರ ಸಾಲು. ಬಣ್ಣ ಹೋಗಿದ್ದರೂ ಮೀಸೆಗಳು ಮಾತ್ರ ಹಾಗೇ ಇದ್ದವು. ಕೆಳಗಿನ ಮೂಲೆಯಲ್ಲಿ ಒಂದು ಚೌಕದ ತೂತು. ಅದನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು, ಯಾಕೆಂದರೆ ಅದನ್ನು ಕತ್ತರಿಸಿದ ಕತ್ತರಿ ನನ್ನದು.

ಹುಣಸೂರಿನಲ್ಲಿ ನನ್ನದೊಂದು ಟೈಲರ್ ಅಂಗಡಿ. ರವಿಕೆ, ಲಂಗ, ಶಾಲೆಯ ಯೂನಿಫಾರಂ ಹೊಲಿಯುತ್ತೇನೆ. ಪಕ್ಕದಲ್ಲಿ, ನಾನು ಅಣ್ಣ ಎಂದು ಕರೆಯುತ್ತಿದ್ದವರ ಅಂಗಡಿ ಇತ್ತು. ಮೊದಮೊದಲು ಸಿನಿಮಾ ಸಿಡಿ ಬಾಡಿಗೆಗೆ ಕೊಡುತ್ತಿದ್ದರು. ಆಮೇಲೆ ಮೊಬೈಲಿಗೆ ಕರೆನ್ಸಿ ಹಾಕುವುದು, ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವುದು. ಬೋರ್ಡು ಎಷ್ಟು ಸಲ ಬದಲಾದರೂ ನನಗೆ ಅವರು ಸಿಡಿ ಅಂಗಡಿಯಣ್ಣನೇ.

ಟೀವಿಯಲ್ಲಿ ವರ್ಷಕ್ಕೊಮ್ಮೆ ಸಿನಿಮಾ ಪ್ರಶಸ್ತಿ ಸಮಾರಂಭ ಬರುತ್ತದಲ್ಲ, ಅದಕ್ಕೆ ಯಾರ‍್ಯಾರು ನಾಮಿನೇಟ್ ಆಗುತ್ತಾರೆಂದು ಅಣ್ಣ ತಿಂಗಳುಗಟ್ಟಲೆ ಮುಂಚೆಯೇ ಹೇಳಿಬಿಡುತ್ತಿದ್ದರು. ಪಿರಿಯಾಪಟ್ಟಣದಿಂದ, ಕೆ.ಆರ್. ನಗರದಿಂದ ಬಂದ ಸಿನಿಮಾ ಹುಚ್ಚರು ಅವರ ಅಂಗಡಿ ಮುಂದೆ ನಿಂತು ವಾದಿಸಿ, ಕೊನೆಗೆ ಪಟ್ಟಿ ಬಂದಾಗ ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ಒಮ್ಮೆ ಗುಟ್ಟು ಹೇಳಿದ್ದರು.

"ಸಿನಿಮಾ ನೋಡ್ಬ್ಯಾಡ ಕಣವ್ವ, ಪ್ರಶಸ್ತಿ ಕೊಡೋರ ಕಣ್ಣು ಎಲ್ಲಿ ಅವೆ ಅಂತ ನೋಡು. ಈರೋ ಗಡ್ಡ ಬುಟ್ಕೊಂಡು ಸೊರಗವ್ನಾ, ಬರ್ಕೋ. ಈರೋಯಿನ್ನು ಮುಖಕ್ಕೆ ಮಸಿ ಬಳ್ಕೊಂಡು ಸೌದೆ ಒತ್ತವ್ಳಾ, ಕಣ್ಮುಚ್ಕೊಂಡು ಬರ್ಕೋ."

ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವರಿಗೆ ಅದೊಂದು ಆಟ. ನನಗೋ ಆಗಲೇ ಅಸಹ್ಯ. ಬಡವರ ಹಾಗೆ ವೇಷ ಹಾಕಿದರೆ ಬಹುಮಾನ, ಬಡವರಾಗಿಯೇ ಇದ್ದರೆ ಯಾರೂ ಮೂಸಿ ನೋಡುವುದಿಲ್ಲ...

ಅಣ್ಣನಿಗೊಬ್ಬ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಕೂಲಿನಾಲಿ ಮಾಡಿ ಸಾಕಿದ ಹೆಂಗಸು. ಆಕೆಯನ್ನು ಅಂತರಸಂತೆ ಕಡೆಗೆ ಕೊಟ್ಟಿದ್ದರು. ಕಾಡಂಚಿನಲ್ಲಿ ಶೂಟಿಂಗ್ ಮಾಡಲು ಬಂದ ಬೆಂಗಳೂರಿನವರು ಒಂದು ದಿನ ಸಂತೆಯಲ್ಲಿ ಆಕೆ ಅವರೆಕಾಯಿ ಚೌಕಾಸಿ ಮಾಡುವುದನ್ನು ಕಂಡು, ನಾಯಕಿಯ ತಾಯಿ ಪಾತ್ರಕ್ಕೆ ಕರೆದುಕೊಂಡು ಹೋದರು. ಆಕೆ ಪಾತ್ರ ಮಾಡಿದ್ದಷ್ಟೇ ಅಲ್ಲ. ಸಿಂಬಿ ಸುತ್ತುವುದು, ಹೊರೆ ಹೊತ್ತು ದಿಣ್ಣೆ ಇಳಿಯುವುದು, ಸೊಂಟಕ್ಕೆ ಸೆರಗು ಬಿಗಿಯುವುದು, ಎಲ್ಲವನ್ನೂ ಆ ನಾಯಕಿಗೆ ಕಲಿಸಿದ್ದೂ ಆಕೆಯೇ.

ಸಿನಿಮಾ ನಮ್ಮೂರಿಗೆ ಬಂದಾಗ ಅಣ್ಣನ ಜೊತೆ ನಾನೂ ಹೋಗಿದ್ದೆ. ಮಗಳು ಮನೆ ಬಿಟ್ಟು ಹೊರಡುತ್ತಾಳೆ. ತಾಯಿ ಅಳುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಒಲೆ ಮುಂದೆ ಕೂತು ಹಿಟ್ಟು ತಿರುವುತ್ತಾ ಬೈಯುತ್ತಲೇ ಇರುತ್ತಾಳೆ, ಬೈಯುತ್ತಾ ಬೈಯುತ್ತಾ ದನಿ ಇಂಗಿಹೋಗುತ್ತದೆ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಹೊರಗೆ ಬಂದವರೇ ಅಣ್ಣ, "ಬರ್ಕೋ ಕಣವ್ವ. ಪೋಷಕ ನಟಿ ಪಟ್ಟೀಲಿ ನಮ್ಮಕ್ಕ," ಅಂದರು.

"ಅಕ್ಕ ಅಂತ ಹೇಳ್ತಿದ್ದೀರಾ ಅಣ್ಣ?"

"ಅಕ್ಕ ಅಂತಲ್ಲ. ಕಣ್ಣಿರೋ ಯಾವನಾದ್ರೂ ಒಪ್ತಾನೆ ಬುಡು."

ಕೊಡುವವರ ಕಣ್ಣು ನೋಡು ಅಂತಿದ್ದ ಮನುಷ್ಯ ಅವತ್ತು ತನ್ನ ಕಣ್ಣನ್ನು ನಂಬಿದರು. ಅವರಿಗೆ ಬೇಕಿದ್ದದ್ದೂ ಬಹಳವೇನಲ್ಲ. ಜನ್ಮವಿಡೀ "ಏಯ್, ಬಾ ಇಲ್ಲಿ" ಅನ್ನಿಸಿಕೊಂಡ ಅಕ್ಕನನ್ನು ಒಂದೇ ಒಂದು ಸಲ ಮೈಕಿನಲ್ಲಿ "ಶ್ರೀಮತಿ" ಅಂತ ಕರೆಯಬೇಕು. ಅಷ್ಟೇ.

ಅಣ್ಣನ ಮಾತು ತಪ್ಪಿದ್ದಿಲ್ಲವಲ್ಲ, ಊರಿಗೆ ಸುದ್ದಿ ಹಬ್ಬಿತು. ನಮ್ಮ ಕಡೆಯವರಿಗೆ ಫ್ಲೆಕ್ಸ್ ಹಾಕಿಸಲು ಒಂದು ನೆಪ ಸಾಕು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವ ಹಾಗೆ, ಪಟ್ಟಿ ಬರುವುದಕ್ಕೆ ಎಷ್ಟೋ ದಿನ ಮೊದಲೇ ಸರ್ಕಲ್ಲಿನಲ್ಲಿ "ಪ್ರಶಸ್ತಿಗೆ ನಾಮಿನೇಟ್ ಆದ ನಮ್ಮೂರ ಹೆಮ್ಮೆಯ ಮಗಳಿಗೆ ಹಾರ್ದಿಕ ಅಭಿನಂದನೆಗಳು" ಎದ್ದು ನಿಂತಿತು. ಶುಭ ಕೋರುವವರ ಮುಖಗಳು ಒಂದೊಂದೂ ಮೊರದಷ್ಟು ದೊಡ್ಡವು. ಹೆಮ್ಮೆಯ ಮಗಳು ಮಾತ್ರ ಕೆಳಗೆ, ಮೂಲೆಯಲ್ಲಿ.

ಅಕ್ಕ ಅದನ್ನು ನೋಡಲೆಂದೇ ಬಸ್ಸು ಹತ್ತಿ ಬಂದಿದ್ದರು. ನಾನು ಹೊಲಿದುಕೊಟ್ಟ ಹೊಸ ರವಿಕೆ ತೊಟ್ಟಿದ್ದರು. ತಲೆಯೆತ್ತಿ ತುಂಬಾ ಹೊತ್ತು ನೋಡಿ, "ಇವ್ರೆಲ್ಲಾ ಯಾರ್ಲಾ? ಇವ್ರೂ ಪಿಚ್ಚರ್‌ನಲ್ಲಿ ಅವ್ರಾ?" ಅಂತ ತಮ್ಮನನ್ನು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬಗ್ಗಿ, ಮೂಲೆಯಲ್ಲಿದ್ದ ತಮ್ಮದೇ ಮುಖದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು...

ಪಟ್ಟಿ ಬಂತು. ಮಸಿ ಬಳಿದುಕೊಂಡು ಸೌದೆ ಹೊತ್ತ ನಾಯಕಿ ಅದರಲ್ಲಿದ್ದಳು. ಅಕ್ಕ ಇರಲಿಲ್ಲ.

ಅಣ್ಣ ಸಿನಿಮಾದ ಮ್ಯಾನೇಜರಿಗೆ ಫೋನು ಮಾಡಿದರು. ಆತ ಹೇಳಿದ್ದನ್ನು ನನ್ನ ಮಿಷನ್ನಿನ ಮುಂದೆ ನಿಂತು, ಒಂದಕ್ಷರ ಬಿಡದೆ ನನಗೆ ಒಪ್ಪಿಸಿದರು. "ನಾವು ಅವರ ಹೆಸರು ಕಳಿಸೇ ಇಲ್ಲ ಸಾರ್. ಅವರದ್ದೇನು ಆಕ್ಟಿಂಗಾ? ಅವರು ಇರೋದೇ ಹಾಗಲ್ವಾ?"

ಥೂ. ಈಗ ಬರೆಯುವಾಗಲೂ ಬಾಯಲ್ಲಿ ಕಹಿ ಬರುತ್ತದೆ. ಆಕೆಯಿಂದ ಕಲಿತವಳದ್ದು ನಟನೆ, ಕಲಿಸಿದವಳದ್ದು ಹುಟ್ಟುಗುಣವಂತೆ. ಊರಿನವರಾದರೂ ಮರ್ಯಾದೆಯಾಗಿದ್ದರೇ? ಟೀ ಅಂಗಡಿಯಲ್ಲಿ ಅಕ್ಕನಿಗೆ "ಅವಾರ್ಡಮ್ಮ" ಅಂತ ಹೆಸರಿಟ್ಟರು. ಫ್ಲೆಕ್ಸಿನ ಮೀಸೆಗಳಲ್ಲಿ ಒಂದು ಮೀಸೆ ಅಂಗಡಿಗೇ ಬಂದು, "ನಿನ್ ಮಾತ್ ಕೇಳಿ ನಮ್ ಮಾನ ಹೋಯ್ತಲ್ಲಯ್ಯ," ಅಂತ ಕೂಗಾಡಿತು. ಮಾನ ಹೋದದ್ದು ಅವರದಂತೆ!

ಆತ ಹೋದ ಮೇಲೆ ಅಣ್ಣ ನನ್ನ ಬಾಗಿಲಿಗೆ ಬಂದು, "ಕತ್ತರಿ ಕೊಡವ್ವ," ಅಂದರು. ಬಟ್ಟೆ ಕತ್ತರಿಯನ್ನು ಟೈಲರು ಯಾರ ಕೈಗೂ ಕೊಡುವುದಿಲ್ಲ. ಕಾಗದಕ್ಕೆ ತಾಗಿಸಿದರೂ ಹರಿತ ಹೋಗುತ್ತದೆ, ಇನ್ನು ಪ್ಲಾಸ್ಟಿಕ್ಕು ಕೇಳಬೇಕೇ. ನನ್ನ ಮಕ್ಕಳೇ ಅದನ್ನು ಮುಟ್ಟಿದವರಲ್ಲ. ಯಾತಕ್ಕೆಂದು ಕೇಳದೆ ಕೊಟ್ಟೆ.

ಸುಡುವ ಮಧ್ಯಾಹ್ನ, ತುಂಬಿದ ಸರ್ಕಲ್ಲು. ಅಣ್ಣ ಸ್ಟೂಲು ಹಾಕಿಕೊಂಡು ಕೂತು ಅಕ್ಕನ ಚಿತ್ರದ ಸುತ್ತ ನಿಧಾನಕ್ಕೆ ಕತ್ತರಿಸಿದರು. "ಏಯ್, ಏನ್ ಮಾಡ್ತಾ ಇದೀಯ?" ಅಂತ ಯಾರೋ ಗದರಿದರು.

"ಇವ್ರ ಮಗ್ಗುಲಲ್ಲಿ ನಮ್ಮಕ್ಕ ಇರೋದ್ ಬ್ಯಾಡ ಕಣ್ರಪ್ಪ," ಅಂದರು ಅಣ್ಣ. ಜಗಳದ ದನಿಯಲ್ಲ, ಬಸ್ಸಿನಲ್ಲಿ ಜಾಗ ಬದಲಾಯಿಸಿಕೊಡಿ ಅಂತ ಕೇಳುವವರ ದನಿ. ಕತ್ತರಿಸಿದ್ದನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದು, ಸಾಣೆ ಹಿಡಿಸಿಯೇ ಕತ್ತರಿ ವಾಪಸು ಕೊಟ್ಟರು. ಅದು ಮೊದಲಿನ ಹಾಗೆ ಆಗಲಿಲ್ಲ, ನಾನು ಹೇಳಲೂ ಇಲ್ಲ. ಆಮೇಲಿನ ವರ್ಷಗಳಲ್ಲಿ ಯಾರು ಎಷ್ಟು ಕೇಳಿದರೂ ಅಣ್ಣ ಪ್ರಶಸ್ತಿಗೆ ಯಾರ ಹೆಸರನ್ನೂ ಹೇಳಲಿಲ್ಲ. "ನಂಗೇನ್ ಗೊತ್ತದೆ," ಅನ್ನುತ್ತಿದ್ದರು. ಆ ನಗುವೂ ನಿಂತುಹೋಯಿತು...

ಹೋದ ವರ್ಷ ಅಣ್ಣನನ್ನು ಎದೆನೋವೆಂದು ಮೈಸೂರಿಗೆ ಕರೆದುಕೊಂಡು ಹೋದರು, ಹೆಣವಾಗಿ ಬಂದರು. ಅಂಗಡಿ ಈಗ ಗೋಬಿ ಮಂಚೂರಿಯದ್ದು. ಅಲ್ಲಿ ತಿನ್ನಲು ನಿಂತವರ ಮೊಬೈಲಿನಲ್ಲಿ ಯಾರೋ ಬರುವ ವರ್ಷದ ನಾಮಿನೇಷನ್ನುಗಳನ್ನು ಈಗಲೇ ಅರಚಿ ಹೇಳುತ್ತಿರುತ್ತಾರೆ. ನಾನು ಮಿಷನ್ನು ಜೋರಾಗಿ ತುಳಿಯುತ್ತೇನೆ.

ಮೊನ್ನೆ ಹಿತ್ತಲಿನಲ್ಲಿ ನಾನು ಆ ತೂತಿನ ಅಂಚು ಮುಟ್ಟಿ ನೋಡುತ್ತಾ ನಿಂತಿದ್ದಾಗ ಚಿಕ್ಕಪ್ಪ ಹಿಂದೆ ಬಂದು ನಿಂತರು.

"ಫ್ಲೆಕ್ಸ್ ಕಟ್ಟೋ ಐಕ್ಳು ಕೊಟ್ಟಿದ್ದು ಕಣವ್ವ. ಯಾವ ಮನೆಹಾಳ ಕುಯ್ದವ್ನೋ ಕಾಣೆ, ಮಳೆ ಬಂದ್ರೆ ಅಲ್ಲಿಂದ್ಲೇ ನೀರಿಳೀತದೆ. ನಿನ್ ಮಿಷನ್ನಲ್ಲಿ ಒಂದು ತೇಪೆ ಆಕ್ಕೊಡು."

ಮೂವತ್ತು ವರ್ಷದಿಂದ ಊರಿನವರ ಹರಕು ಬಟ್ಟೆಗೆಲ್ಲ ತೇಪೆ ಹಾಕಿದ್ದೇನೆ, ಒಬ್ಬರಿಗೂ ಇಲ್ಲ ಅಂದವಳಲ್ಲ.

"ಆಗಲ್ಲ ಚಿಕ್ಕಪ್ಪ," ಅಂದೆ. "ಅದು ಹಂಗೇ ಇರ್ಲಿ. ಸೌದೆ ನೆಂದ್ರೆ ನೆನೀಲಿ."

ಚಿಕ್ಕಪ್ಪ ನನ್ನ ಮುಖ ನೋಡಿದರು. ಯಾಕೆಂದು ಕೇಳಿದ್ದರೂ, ಮನೆಹಾಳ ಅಂದವರ ಮುಂದೆ ನಾನು ಅಣ್ಣನ ಹೆಸರು ಎತ್ತುತ್ತಿರಲಿಲ್ಲ.