ಸಹಿ ಬೀಳುವವರೆಗೂ ಏಳದ ಅಕ್ಕ

ಬೆಳಗಿನ ಆರು ಗಂಟೆ. ಸಂಸತ್ ಭವನದ ನೆಲಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಐವತ್ತೆರಡರ ಹೆಂಗಸೊಬ್ಬರು, ಹಿಂದಿನ ದಿನ ಸದನದಲ್ಲಿ ಮಂಡನೆಯಾದ ಮಸೂದೆಗಳನ್ನು ಕೆಂಪು ದಾರದಲ್ಲಿ ಕಟ್ಟುತ್ತಿದ್ದಾರೆ. ಅಚ್ಚಿನ ಶಾಯಿ ಇನ್ನೂ ಕೈಗೆ ಹತ್ತುತ್ತದೆ. ಇಂದು ಒಂಬತ್ತು ಮಸೂದೆ. ಯಾವುದು ಯಾವ ಸಮಿತಿಗೆ ಹೋಗಬೇಕೆಂಬ ಸಭಾಧ್ಯಕ್ಷರ ಚೀಟಿ ಒಂದೊಂದರ ಮೇಲೂ ಇದೆ. ಅವನ್ನು ಆಯಾ ಸಮಿತಿಯ ಕೋಣೆಗೆ ಮುಟ್ಟಿಸಿ, ಗುಮಾಸ್ತರಿಂದ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಬರುವುದು ಇವರ ಕೆಲಸ. ಭವನಕ್ಕೆಲ್ಲ ಇವರು ‘ಸಹಿ ಅಕ್ಕ’.

ಮುಟ್ಟಿಸುವುದೇನು ಮಹಾ ಎನ್ನಬೇಡಿ. ಅಧಿವೇಶನ ಮುಗಿಯುವುದರೊಳಗೆ ಸಹಿ ಬೀಳದಿದ್ದರೆ ಮಸೂದೆಯೇ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಮಂಡಿಸಬೇಕು. ಕೆಲಸ ಹೆಚ್ಚುವುದು ಬೇಡವೆನ್ನುವ ಗುಮಾಸ್ತರಿಗೆ ಇದು ಚೆನ್ನಾಗಿ ಗೊತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! “ಅಧ್ಯಕ್ಷರಿಲ್ಲ, ನಾಳೆ ಬನ್ನಿ” ಎನ್ನುತ್ತಾರೆ. ಅಕ್ಕ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ. ಆಮೇಲೆ ಜಪ್ಪಯ್ಯ ಎಂದರೂ ಏಳುವುದಿಲ್ಲ.

“ಜಗಳ ಆಡಲ್ಲ, ಏನೂ ಕೇಳಲ್ಲ. ಎದುರಿಗೆ ಕೂತಿರ್ತೀನಿ ಅಷ್ಟೆ. ಎಷ್ಟು ಹೊತ್ತು ಅಂತ ನನ್ನ ಮುಖ ನೋಡ್ತಾರೆ, ಪಾಪ” ಎಂದು ನಗುತ್ತಾರೆ.

ಮೂರು ಮಹಡಿ, ಹದಿನಾಲ್ಕು ಸಮಿತಿ. ಲಿಫ್ಟು ಸದಸ್ಯರಿಗೆ, ಮೆಟ್ಟಿಲು ಅಕ್ಕನಿಗೆ. ಹತ್ತೊಂಬತ್ತು ವರ್ಷ ಹತ್ತಿ ಇಳಿದರೂ ಕೆಲಸ ಕಾಯಂ ಆಗಿಲ್ಲ. ಹನ್ನೊಂದು ತಿಂಗಳ ಗುತ್ತಿಗೆ, ಒಂದು ತಿಂಗಳು ಮನೆ, ಮತ್ತೆ ಹೊಸ ನೇಮಕದ ಕಾಗದ.

“ಹತ್ತೊಂಬತ್ತು ಸಲ ಹೊಸಬಳಾಗಿ ಸೇರಿದ್ದೀನಿ ನೋಡಿ. ಕಾಲು ಮುರಿದಾಗ ರಜೆ ಕೇಳ್ದೆ. ಹೊಸಬರಿಗೆ ರಜೆ ಇಲ್ಲ ಅಂದ್ರು.” ಇವರ ಬಗ್ಗೆ ಬರೆಯಲೆಂದು ಇಡೀ ದಿನ ಜೊತೆಗಿರುವ ನನಗೆ ಸಿಟ್ಟು ಬರುತ್ತದೆ. ಅವರು ಮಾತ್ರ ಗಂಟು ಬಿಗಿಯುತ್ತಲೇ ಇದ್ದಾರೆ. ಮನೆಯಲ್ಲಿ ದರ್ಜಿ ಕೆಲಸದ ಗಂಡ, ಎಂಬತ್ತರ ಅತ್ತೆ. ಅತ್ತೆಯ ತಕರಾರೇ ಬೇರೆಯಂತೆ: “ದೇಶದ ಕಾನೂನೆಲ್ಲ ಹೊರ್ತಾಳೆ, ಮನೆಗೆ ಉಪ್ಪು ತರೋದು ಮಾತ್ರ ಮರೀತಾಳೆ!”

ಇಂದಿನ ಕಟ್ಟಿನಲ್ಲಿ ಒಂಬತ್ತನೆಯದು, ಸರ್ಕಾರಿ ಕಚೇರಿಗಳಲ್ಲಿ ಹತ್ತು ವರ್ಷ ಮೀರಿ ಗುತ್ತಿಗೆಯಲ್ಲಿ ದುಡಿದವರನ್ನು ಕಾಯಂ ಮಾಡುವ ಮಸೂದೆ. ಅಕ್ಕನದೇ ಮಸೂದೆ ಎಂದರೂ ಸರಿಯೇ. ಇವತ್ತು ಅಧಿವೇಶನದ ಕೊನೆಯ ದಿನ. ಅದನ್ನೇ ಮೊದಲು ಒಯ್ಯಬಾರದೇ ಎಂದು ಕೇಳುತ್ತೇನೆ.

“ನಂಬರ್ ಪ್ರಕಾರಾನೇ ಹೋಗ್ಬೇಕು. ಮುಂದಿರೋದೂ ಯಾರದೋ ಹೊಟ್ಟೆಪಾಡೇ ಅಲ್ವಾ?”

ಎಂಟು ಸಹಿ ಮುಗಿಯುವಾಗ ಮಧ್ಯಾಹ್ನ ಮೂರು. ಐದಕ್ಕೆ ಸದನ ಮುಗಿಯುತ್ತದೆ. ಕಾರ್ಮಿಕ ಸಮಿತಿಯ ಗುಮಾಸ್ತರು ತಲೆ ಎತ್ತದೆ, “ಮುಂದಿನ ಅಧಿವೇಶನಕ್ಕೆ ನೋಡೋಣ ಅಕ್ಕಾ” ಎನ್ನುತ್ತಾರೆ. ಅಕ್ಕ ಬೆಂಚಿನ ಹತ್ತಿರ ಹೋಗುತ್ತಾರೆ, ಆದರೆ ಕೂರುವುದಿಲ್ಲ.

“ಇದು ನಮ್ಮದೇ ಅಲ್ವಾ? ಹಟ ಹಿಡಿದು ಕೂತ್ರೆ ಸ್ವಾರ್ಥಿ ಅಂತಾರೇನೋ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಪುಸ್ತಕ ಎದೆಗೊತ್ತಿಕೊಂಡು ಬಾಗಿಲು ದಾಟುತ್ತಾರೆ. ನಾಲ್ಕು ಹೆಜ್ಜೆ ಹೋದವರು ನಿಂತು, ತಿರುಗಿ ಬಂದು, ಬೆಂಚಿನಲ್ಲಿ ಕೂತುಬಿಡುತ್ತಾರೆ.

ಗುಮಾಸ್ತರು ಕಡತ ತಿರುವುತ್ತಾರೆ, ಚಹಾ ಕುಡಿದು ಬರುತ್ತಾರೆ, ಕಿಟಕಿ ಮುಚ್ಚುತ್ತಾರೆ. ಅಕ್ಕ ಅಲ್ಲೇ ಇದ್ದಾರೆ. ನಾಲ್ಕು ಮುಕ್ಕಾಲಿಗೆ ಗುಮಾಸ್ತರು ಅಕ್ಕನ ಕೈಯಿಂದ ಪುಸ್ತಕ ಎಳೆದುಕೊಂಡು ಸಹಿ ಹಾಕುತ್ತಾರೆ.

ಮಸೂದೆ ಪಾಸಾಗುತ್ತದೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಬಾಗಿಲು ದಾಟಿ ಹೋದವರು ತಿರುಗಿ ಬಂದಿದ್ದೇಕೆ ಎಂದು ಮೆಟ್ಟಿಲಿಳಿಯುವಾಗ ಕೇಳುತ್ತೇನೆ.

“ಇಷ್ಟು ವರ್ಷ ಎಲ್ಲರ ಮಸೂದೆಗೂ ಕೂತಿದ್ದೀನಿ. ನಂದು ಅಂತ ಜಾಸ್ತಿ ಕೂರಬಾರದು, ಸರಿ. ನಂದು ಅಂತ ಕಮ್ಮಿ ಯಾಕೆ ಕೂರ್ಲಿ?”